ಹೂವಲ್ಲದ ಹೂವು: ಅಮೆರಿಕದ ಡಾಗ್‌ವುಡ್ಡೂ ನಮ್ಮ ಬದುವಿನ ಅಂಕೋಲೆಯೂ

ಅಮೆರಿಕದ ಪೂರ್ವ ಸಂಸ್ಥಾನಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ, ಏಪ್ರಿಲ್ ತಿಂಗಳನ್ನು ಅಲ್ಲಿ ಕಳೆದು ಬಂದ ನಮ್ಮ ಕಡೆಯ ಹಿರಿಯರು ಒಂದು ಗಿಡದ ಮಾತನ್ನು ತಪ್ಪದೆ ಎತ್ತುತ್ತಾರೆ. ಮನೆಯ ಮುಂದಿನ ಹುಲ್ಲಿನ ಅಂಚಿನಲ್ಲಿ ಮಾಡಿನ ಎತ್ತರದ ಗಿಡ. ಮೈಮೇಲೆ ಎಲೆಯೇ ಇಲ್ಲವೆನ್ನಬಹುದು. ಆದರೆ ಅಡ್ಡಡ್ಡಲಾಗಿ ಚಾಚಿದ ಕೊಂಬೆಗಳ ಉದ್ದಕ್ಕೂ ಮೂರು ನಾಲ್ಕು ಅಂಗುಲ ಅಗಲದ ಬಿಳಿಯ ಹೂಗಳು ಆಕಾಶಕ್ಕೆ ಮುಖ ಮಾಡಿ ಕುಳಿತಿರುತ್ತವೆ. ಕೆಲವು ಅಂಗಳಗಳಲ್ಲಿ ಗುಲಾಬಿ ಬಣ್ಣದವೂ ಉಂಟು. "ಇದನ್ನು ನಮ್ಮಲ್ಲಿ ಬೆಳೆಸಲು ಬರುವುದಿಲ್ಲವೇ? ಬರುವಾಗ ಒಂದು ಕಡ್ಡಿ ತರಬಹುದಿತ್ತಲ್ಲ!" ಎಂದು ಅವರು ಹಲುಬುವುದುಂಟು. ಬಯಲುಸೀಮೆಯಲ್ಲಿ ಬಾರದು ಎಂಬುದು ಮೊದಲ ಮಾತಿಗೆ ಉತ್ತರ. ತಾರದೆ ಇದ್ದದ್ದೇ ಒಳ್ಳೆಯದಾಯಿತು ಎಂಬುದು ಎರಡನೆಯದಕ್ಕೆ ಉತ್ತರ. ಏಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹೇಳುವಷ್ಟು ವಿಷಯವೂ ಆ ಗಿಡದಲ್ಲಿದೆ.

ಇಂಗ್ಲಿಷಿನಲ್ಲಿ ಇದರ ಹೆಸರು ಡಾಗ್‌ವುಡ್. ಪದಕ್ಕೆ ಪದವಿಟ್ಟು ನಾಯಿಮರವೆಂದು ಕರೆದರೆ ಗಿಡಕ್ಕೆ ಅಪಚಾರ. ಇದರ ಜಾತಿಯ ಗಟ್ಟಿ ಕಡ್ಡಿಗಳಿಂದ ಚೂಪಾದ ಸಲಾಕೆ ಮಾಡುತ್ತಿದ್ದರು, ಆ ಸಲಾಕೆಯ ಹಳೆಯ ಹೆಸರೇ ಬಾಯಿಂದ ಬಾಯಿಗೆ ಹೋಗುವಾಗ ಕೆಟ್ಟು ನಾಯಿಯಾಯಿತೆಂದು ಕೆಲವರು ಹೇಳುತ್ತಾರೆ. ತೊಗಟೆಯ ಕಷಾಯದಿಂದ ಕಜ್ಜಿ ಹತ್ತಿದ ನಾಯಿಗಳ ಮೈ ತೊಳೆಯುತ್ತಿದ್ದುದರಿಂದ ಆ ಹೆಸರು ಬಂತೆಂದು ಇನ್ನು ಕೆಲವರು. ಲಿನೇಯಸ್ ಪಂಡಿತನು ೧೭೫೩ರಲ್ಲಿ ಇಟ್ಟ ಶಾಸ್ತ್ರನಾಮ ಕಾರ್ನಸ್ ಫ್ಲೋರಿಡಾ. ಇಲ್ಲಿ ಫ್ಲೋರಿಡಾ ಎಂಬುದು ಸಂಸ್ಥಾನದ ಹೆಸರಲ್ಲ. ಹೂ ತುಂಬಿದ್ದು ಎಂಬ ಅರ್ಥದ ಲ್ಯಾಟಿನ್ ಮಾತು.

ಉತ್ತರದಲ್ಲಿ ಮೇಯ್ನ್ ಸಂಸ್ಥಾನದ ತೆಂಕಣ ಅಂಚಿನಿಂದ ಫ್ಲೋರಿಡಾದವರೆಗೆ, ಪಶ್ಚಿಮಕ್ಕೆ ಟೆಕ್ಸಾಸಿನ ಮೂಡಣ ಭಾಗದವರೆಗೆ ಇದು ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಓಕ್ ಮುಂತಾದ ಹೆಮ್ಮರಗಳ ಕೆಳಗೆ ಹದಿನೈದರಿಂದ ಮೂವತ್ತು ಅಡಿ ಎತ್ತರದ ಕಿರುಮರವಾಗಿ ನಿಲ್ಲುವುದು ಇದರ ಸ್ವಭಾವ. ವಯನಾಡಿನ ಕಾಫಿ ತೋಟಗಳಲ್ಲಿ ಮೇಲೆ ನೆರಳಿನ ಮರ, ಕೆಳಗೆ ಕಾಫಿ ಗಿಡ ಇರುವುದನ್ನು ನೆನೆದುಕೊಂಡರೆ ಇದರ ಸ್ಥಾನ ಎಂಥದೆಂದು ತಿಳಿದೀತು. ವರ್ಜೀನಿಯಾ ೧೯೧೮ರಲ್ಲಿಯೂ ಉತ್ತರ ಕರೊಲಿನಾ ೧೯೪೧ರಲ್ಲಿಯೂ ಇದನ್ನು ತಮ್ಮ ಸಂಸ್ಥಾನದ ಹೂವಾಗಿ ಆರಿಸಿಕೊಂಡವು. ಅಟ್ಲಾಂಟಾ ನಗರದಲ್ಲಿ ೧೯೩೬ರಲ್ಲಿ ಈ ಹೂವಿನ ಹೆಸರಿನಲ್ಲೇ ವಸಂತೋತ್ಸವ ಆರಂಭವಾಯಿತು.

ಇಷ್ಟೆಲ್ಲ ಮನ್ನಣೆ ಪಡೆದ ಹೂವು ನಿಜಕ್ಕೂ ಹೂವೇ ಅಲ್ಲ ಎಂಬುದು ತಮಾಷೆ. ದೂರದಿಂದ ನಾಲ್ಕು ಬಿಳಿ ಎಸಳುಗಳಂತೆ ಕಾಣುವುವು ಎಸಳುಗಳಲ್ಲ, ಬಣ್ಣ ಬದಲಾಯಿಸಿದ ಎಲೆಗಳು. ಸಸ್ಯಶಾಸ್ತ್ರಜ್ಞರು ಇವನ್ನು ಪುಷ್ಪಪತ್ರಗಳೆನ್ನುತ್ತಾರೆ. ನಾವು ಹೂವೆಲೆ ಎನ್ನೋಣ. ನಾಲ್ಕು ಹೂವೆಲೆಗಳ ನಡುವೆ ಹಸಿರು ಹಳದಿ ಬಣ್ಣದ ಒಂದು ಪುಟ್ಟ ಗಂಟಿರುತ್ತದೆ. ಅದನ್ನು ಕಣ್ಣಿಗೆ ಹತ್ತಿರ ಹಿಡಿದರೆ ಇಪ್ಪತ್ತರ ಆಸುಪಾಸಿನಷ್ಟು ಕಿರುಹೂಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಒಂದೊಂದಕ್ಕೂ ಸಾಸಿವೆಕಾಳಿನಷ್ಟು ಸಣ್ಣ ಎಸಳು ನಾಲ್ಕು. ಜೇನುನೊಣ ಬರುವುದು, ಕಾಯಿ ಕಟ್ಟುವುದು ಎಲ್ಲ ಅಲ್ಲಿಯೇ. ಬಿಳಿಯ ಎಲೆಗಳು ಅಂಗಡಿಯ ಮುಂದಿನ ಹಲಗೆಯಂತೆ, ಕರೆಯುವುದಷ್ಟೇ ಅವುಗಳ ಕೆಲಸ.

ಇದರಲ್ಲಿ ನಮಗೆ ಅಪರೂಪವಾದದ್ದೇನೂ ಇಲ್ಲ. ಬಾಳೆಯ ಮೂತಿಯ ಮೇಲಿನ ಕೆನ್ನೇರಿಳೆ ಪೊರೆಗಳೂ ಇದೇ ಬಗೆಯವು. ಅವನ್ನು ಎತ್ತಿದರೆ ಒಳಗೆ ನಿಜವಾದ ಹೂಗಳ ಸಾಲು. ಕಾಗದದ ಹೂವೆಂದು ನಾವು ಕರೆಯುವ ಬೋಗನ್‌ವಿಲ್ಲಾದ ಕೆಂಪು ಕೂಡ ಎಲೆಯದೇ ಹೊರತು ಹೂವಿನದಲ್ಲ. ನಿಜವಾದ ಎಸಳು ನಾಲ್ಕಾರು ದಿನಕ್ಕೆ ಬಾಡುತ್ತದೆ, ಎಲೆಯ ಜಾತಿಯದು ವಾರಗಟ್ಟಲೆ ನಿಲ್ಲುತ್ತದೆ. ಡಾಗ್‌ವುಡ್ ಎರಡು ಮೂರು ವಾರ ಅಂಗಳವನ್ನು ಬೆಳಗಿಸುವುದರ ಗುಟ್ಟು ಇದೇ.

ಪ್ರತಿ ಹೂವೆಲೆಯ ತುದಿಯಲ್ಲೂ ಒಂದು ಕಚ್ಚು, ಕಚ್ಚಿನ ಸುತ್ತ ಕಂದು ಕಲೆ ಇರುತ್ತದೆ. ಯೇಸುವಿನ ಶಿಲುಬೆಗೆ ಈ ಮರವನ್ನೇ ಬಳಸಿದರು, ಕಚ್ಚು ಮೊಳೆಯ ಗುರುತು ಎಂದು ಅಲ್ಲಿನ ಕ್ರೈಸ್ತರಲ್ಲಿ ಒಂದು ಕಥೆಯಿದೆ. ಯೇಸುವಿನ ನಾಡಿನಲ್ಲಿ ಈ ಅಮೆರಿಕದ ಗಿಡ ಬೆಳೆಯುತ್ತಿರಲಿಲ್ಲವೆಂಬುದು ಕಥೆಗೆ ಅಡ್ಡಿಯಾಗಿಲ್ಲ! ತೋಟಗಾರನಿಗೆ ಬೇಕಾದ ಕಾರಣ ಬೇರೆ. ಚಳಿಗಾಲದಲ್ಲಿ ಈ ನಾಲ್ಕು ಎಲೆಗಳೇ ಮೊಗ್ಗಿನ ಹೊದಿಕೆ. ತಿಂಗಳುಗಟ್ಟಲೆ ಹಿಮಗಾಳಿಗೆ ಒಡ್ಡಿಕೊಂಡ ಅವುಗಳ ತುದಿ ಗಡುಸಾಗಿಬಿಡುತ್ತದೆ. ವಸಂತದಲ್ಲಿ ಬುಡ ಬೆಳೆದು ಹಿಗ್ಗುತ್ತದೆ, ತುದಿ ಬೆಳೆಯುವುದಿಲ್ಲ. ಆದ್ದರಿಂದ ಅಲ್ಲಿ ಕಚ್ಚು ಬೀಳುತ್ತದೆ.

ಈ ಚಳಿಗಾಲದ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವರ್ಷದ ಮೊಗ್ಗನ್ನು ಈ ಗಿಡ ಹಿಂದಿನ ಬೇಸಗೆಯ ಕೊನೆಗೇ ಕಟ್ಟಿಟ್ಟುಕೊಳ್ಳುತ್ತದೆ. ಎಲೆ ಉದುರಿದ ಮೇಲೆ ರೆಂಬೆಯ ತುದಿಗಳಲ್ಲಿ ಅಂಗಿಯ ಗುಂಡಿಯಂತೆ ಬೂದುಬಣ್ಣದ ಮೊಗ್ಗುಗಳು ನಿಲ್ಲುತ್ತವೆ. ಇದನ್ನರಿಯದೆ ಚಳಿಗಾಲದಲ್ಲಿ ಕತ್ತರಿ ಆಡಿಸಿದವರು ಆ ವರ್ಷದ ಹೂವನ್ನೇ ಕತ್ತರಿಸಿ ಬಿಸಾಡಿದಂತೆ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರತಕ್ಕದ್ದು. ಕಟ್ಟಿದ ಮೊಗ್ಗು ಅರಳಬೇಕಾದರೆ ವಾರಗಟ್ಟಲೆ ಕೊರೆಯುವ ಚಳಿ ಬೇಕೇಬೇಕು. ಸೊಲ್ಲಾಪುರ, ಆದವಾನಿ, ರಾಯದುರ್ಗಗಳ ಚಳಿಗಾಲ ಅದಕ್ಕೆ ಚಳಿಯೇ ಅಲ್ಲ, ಬೇಸಗೆಯಂತೂ ಬೆಂಕಿ. ಕಾಸರಗೋಡಿನ ಹುಳಿಮಣ್ಣು ಒಪ್ಪಿದರೂ ಅಲ್ಲಿನ ಸೆಕೆ ಒಪ್ಪದು. ಹಣ ಕೊಟ್ಟು ತರಿಸಿದ ಸಸಿ ಒಂದೆರಡು ವರ್ಷ ಎಲೆ ಬಿಟ್ಟು, ಸೊರಗಿ, ಹೂ ತೋರದೆಯೇ ಹೋಗುವ ಸಂಭವವೇ ಹೆಚ್ಚು.

ಆದರೆ ಅಲ್ಲಿಯವರು ಇದನ್ನು ಸಾಕುವ ರೀತಿಯಲ್ಲಿ ನಮಗೂ ಪರಿಚಿತವಾದ ಮಾತುಗಳಿವೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ನೆರಳಾಗುವ ಜಾಗವನ್ನು ಆರಿಸುತ್ತಾರೆ. ಎಲೆಗೊಬ್ಬರ ಬೆರೆತ, ತುಸು ಹುಳಿಯಾದ, ನೀರು ನಿಲ್ಲದ ಮಣ್ಣು ಬೇಕು. ಗುಂಡಿಯನ್ನು ಅಗಲವಾಗಿ ತೋಡುತ್ತಾರೆ, ಆಳವಾಗಿ ಅಲ್ಲ. ಬೇರು ಕವಲೊಡೆಯುವ ಬುಡ ನೆಲದ ಮಟ್ಟಕ್ಕೆ ಇರಬೇಕು. ಮಣ್ಣಿನೊಳಗೆ ಹೂತರೆ ಗಿಡ ಉಸಿರುಗಟ್ಟುತ್ತದೆ. ಇದರ ಬೇರುಗಳು ಮೇಲುಮೇಲೆಯೇ ಹರಡುವುದರಿಂದ ಬುಡವನ್ನು ಕೆದಕುವಂತಿಲ್ಲ. ಮೆಣಸಿನ ಬಳ್ಳಿಯ ಬುಡಕ್ಕೆ ಗುದ್ದಲಿ ಹಾಕಬಾರದೆಂದು ಬಲ್ಲವರಿಗೆ, ಅಡಿಕೆಯ ಬುಡಕ್ಕೆ ಸೊಪ್ಪು ಹೊದಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮೂರು ಅಂಗುಲ ದಪ್ಪಕ್ಕೆ ಒಣಗಿದ ಎಲೆ ಹರಡುತ್ತಾರೆ, ಕಾಂಡಕ್ಕೆ ತಾಗದಂತೆ. ಮಳೆ ತಪ್ಪಿದ ವಾರಗಳಲ್ಲಿ ನೀರುಣಿಸುತ್ತಾರೆ. ಉಣಿಸದಿದ್ದರೆ ಎಲೆಯ ಅಂಚು ಸುಟ್ಟಂತೆ ಕಂದಾಗುವುದೇ ಮೊದಲ ಸೂಚನೆ.

ಅಮೆರಿಕದ ಅಂಗಳಗಳಲ್ಲಿ ಈ ಗಿಡದ ಶತ್ರುಗಳಲ್ಲಿ ಒಂದು ಹುಲ್ಲು ಕತ್ತರಿಸುವ ಯಂತ್ರ ಎಂದರೆ ನಗು ಬಂದೀತು. ಯಂತ್ರ ತಾಗಿ ತೊಗಟೆ ಸುಲಿದ ಜಾಗದಲ್ಲಿ ಕಾಂಡ ಕೊರೆಯುವ ಹುಳ ಒಳಹೊಕ್ಕು ಒಳಗಿನಿಂದಲೇ ಗಿಡವನ್ನು ತಿನ್ನುತ್ತದೆ. ಬುಡದ ಸುತ್ತ ಎಲೆ ಹೊದಿಸುವುದಕ್ಕೆ ತೇವ ಉಳಿಸುವುದು ಒಂದು ಕಾರಣ, ಯಂತ್ರವನ್ನು ದೂರವಿಡುವುದು ಇನ್ನೊಂದು.

ಡಾಗ್‌ವುಡ್ ಜಾತಿಯಲ್ಲಿ ಇದೊಂದೇ ಅಲ್ಲ, ಹಲವಾರು ಬಗೆಗಳಿವೆ. ಕೆಲವನ್ನು ಹೂವಿಗಾಗಿ ಬೆಳೆಸುವುದೇ ಇಲ್ಲ. ಸೈಬೀರಿಯಾದ್ದೊಂದು, ಉತ್ತರ ಅಮೆರಿಕದ್ದೊಂದು ಪೊದೆಯಂಥ ಬಗೆಗಳ ರೆಂಬೆಗಳು ಚಳಿಗಾಲದಲ್ಲಿ ಕುಂಕುಮದ ಹಾಗೆ ಕೆಂಪಾಗುತ್ತವೆ. ಹಿಮ ಬಿದ್ದ ಅಂಗಳದಲ್ಲಿ ಆ ಕೆಂಪು ಕಡ್ಡಿಗಳೇ ಅಲಂಕಾರ. ಎಳೆಯ ಕಡ್ಡಿಗೆ ಮಾತ್ರ ಆ ಬಣ್ಣ ಬರುವುದರಿಂದ ಪ್ರತಿ ವಸಂತದ ಆರಂಭದಲ್ಲಿ ಹಳೆಯದನ್ನು ಬುಡಕ್ಕೆ ಕಡಿದು ಹೊಸ ಚಿಗುರು ಬರಿಸುತ್ತಾರೆ. ಯುರೋಪಿನ ಇನ್ನೊಂದು ಬಗೆ ಮಾಘಮಾಸದ ಹೊತ್ತಿಗೇ ಹಳದಿಯ ಹೂ ಬಿಟ್ಟು, ಆಮೇಲೆ ಉಪ್ಪಿನಕಾಯಿಗೂ ಪಾಕಕ್ಕೂ ಆಗುವ ಕೆಂಪು ಹಣ್ಣು ಕೊಡುತ್ತದೆ. ಗೇಣುದ್ದವೂ ಬೆಳೆಯದೆ ನೆಲದ ಮೇಲೆ ಹರಡುವ ಕೆನಡಾದ ಬಗೆಯೊಂದಿದೆ. ಅದರ ಕಿರುಹೂ ತೆರೆದು ಪರಾಗ ಸಿಡಿಸಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಹಿಡಿಯುವುದಿಲ್ಲವೆಂದು ೨೦೦೫ರಲ್ಲಿ ಅಳೆದು ಪ್ರಕಟಿಸಿದ್ದಾರೆ.

ಅಂಗಳದ ಚೆಲುವಷ್ಟೇ ಈ ಮರದ ಬಂಡವಾಳವಾಗಿರಲಿಲ್ಲ. ಕಾರ್ನಸ್ ಎಂಬ ಹೆಸರೇ ಪ್ರಾಣಿಯ ಕೊಂಬಿಗೆ ಸಂಬಂಧಪಟ್ಟದ್ದು. ಮರ ಅಷ್ಟು ಗಟ್ಟಿ. ಎಷ್ಟು ಉಜ್ಜಿದರೂ ಸಿಬಿರೇಳದೆ ನುಣುಪಾಗುತ್ತಲೇ ಹೋಗುವುದು ಇದರ ಗುಣ. ಆದಕಾರಣ ಬಟ್ಟೆ ಗಿರಣಿಗಳ ಲಾಳಿಗೆ ಇದಕ್ಕಿಂತ ಒಳ್ಳೆಯ ಮರವಿಲ್ಲವೆಂದು ಹೆಸರಾಯಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಡಿದ ಡಾಗ್‌ವುಡ್‌ನ ಬಹುಪಾಲು ಲಾಳಿಗೇ ಹೋಗುತ್ತಿತ್ತು. ಮಗ್ಗದ ನೂಲಿನ ನಡುವೆ ದಿನಕ್ಕೆ ಸಾವಿರಾರು ಸಲ ಅತ್ತಿತ್ತ ಓಡುವ ಲಾಳಿಯಲ್ಲಿ ಒಂದು ಸಿಬಿರೆದ್ದರೂ ಎಳೆ ಹರಿಯುತ್ತದೆಂಬುದನ್ನು ಸೊಲ್ಲಾಪುರದ ನೇಕಾರ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಆಮೇಲೆ ಬೇರೆ ಸಾಮಗ್ರಿಗಳೂ ಲಾಳಿಯಿಲ್ಲದ ಮಗ್ಗಗಳೂ ಬಂದು ಆ ವ್ಯಾಪಾರ ನಿಂತುಹೋಯಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದವರಿಗೆ ಕ್ವಿನೈನ್ ಸಿಗದಾದಾಗ ಇದರ ತೊಗಟೆಯನ್ನೇ ಜ್ವರಕ್ಕೆ ಕೊಟ್ಟರು.

ಕಾಡಿಗೆ ಇದರಿಂದಾಗುವ ಉಪಕಾರ ಇನ್ನೂ ದೊಡ್ಡದು. ಎಲೆಯಲ್ಲಿ ಸುಣ್ಣದ ಅಂಶ ಹೆಚ್ಚು. ಉದುರಿದ ಎಲೆ ಬೇಗನೆ ಕೊಳೆತು ಆ ಸುಣ್ಣವನ್ನು ಮೇಲ್ಮಣ್ಣಿಗೆ ಸೇರಿಸುತ್ತದೆ. ಆಳದಿಂದ ಎತ್ತಿ ಮೇಲೆ ಹರಡುವ ಏತದಂತೆ ಎನ್ನಬಹುದು. ಶರತ್ಕಾಲದಲ್ಲಿ ಹೊಳೆಯುವ ಕೆಂಪು ಹಣ್ಣುಗಳು ಮನುಷ್ಯರಿಗೆ ಕಹಿ, ಹಕ್ಕಿಗಳಿಗೆ ಹಬ್ಬ. ದಕ್ಷಿಣಕ್ಕೆ ಹಾರುವ ಮುನ್ನ ಅನೇಕ ಹಕ್ಕಿಗಳು ಇದನ್ನೇ ತಿಂದು ಕೊಬ್ಬು ತುಂಬಿಕೊಳ್ಳುತ್ತವೆ.

ಇಂಥ ಗಿಡ ಒಂದು ದೇಶದ ಕಾಣಿಕೆಯಾಗಿಯೂ ಹೋಯಿತು. ಟೋಕಿಯೋ ನಗರದ ಅಧ್ಯಕ್ಷರಾಗಿದ್ದ ಯುಕಿಯೊ ಓಜಾಕಿಯವರು ೧೯೧೨ರಲ್ಲಿ ವಾಷಿಂಗ್ಟನ್ ನಗರಕ್ಕೆ ಮೂರು ಸಾವಿರಕ್ಕೂ ಮಿಕ್ಕಿದ ಚೆರ್ರಿ ಸಸಿಗಳನ್ನು ಕಳುಹಿಸಿದರು. ಅದಕ್ಕೆ ಪ್ರತಿಯಾಗಿ ಅಮೆರಿಕ ೧೯೧೫ರಲ್ಲಿ ಜಪಾನಿಗೆ ಡಾಗ್‌ವುಡ್ ಸಸಿಗಳನ್ನು ಕೊಟ್ಟಿತು. ವಾಸ್ತವವಾಗಿ ಓಜಾಕಿಯವರು ಅದಕ್ಕೂ ಮೊದಲು, ೧೯೧೦ರಲ್ಲಿ ಎರಡು ಸಾವಿರ ಚೆರ್ರಿಗಳನ್ನು ಕಳುಹಿಸಿದ್ದರು. ಅವುಗಳಲ್ಲಿ ಕೀಟವೂ ರೋಗವೂ ಇದ್ದುದನ್ನು ಕಂಡು ಅಮೆರಿಕದ ಕೃಷಿ ಇಲಾಖೆ ಅಷ್ಟನ್ನೂ ಸುಟ್ಟುಹಾಕಿಸಿತು. ಕಾಣಿಕೆಯ ಗಿಡಗಳನ್ನು ಸುಡುವುದು ಒರಟುತನವೆಂದು ಆಗ ಕಂಡಿರಬಹುದು. ಮುಂದೆ ನಡೆದದ್ದನ್ನು ನೋಡಿದರೆ ಅದರಷ್ಟು ವಿವೇಕದ ಕೆಲಸ ಇನ್ನೊಂದಿಲ್ಲವೆನಿಸುತ್ತದೆ.

೧೯೭೦ರ ದಶಕದ ಕೊನೆಗೆ ನ್ಯೂಯಾರ್ಕ್ ಸುತ್ತಮುತ್ತ ಡಾಗ್‌ವುಡ್ ಮರಗಳು ಕಾರಣ ತಿಳಿಯದೆ ಒಣಗತೊಡಗಿದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಖಂಡದ ಇನ್ನೊಂದು ತುದಿಯಲ್ಲಿ, ಪಶ್ಚಿಮ ಕರಾವಳಿಯ ಡಾಗ್‌ವುಡ್‌ಗಳಿಗೂ ಅದೇ ಪಾಡು. ಮೊದಲು ಎಲೆಯ ಮೇಲೆ ನೇರಿಳೆ ಅಂಚಿನ ಕಂದು ಚುಕ್ಕೆಗಳು ಕಾಣಿಸುವುವು. ಕೆಳಗಿನ ರೆಂಬೆಗಳು ಮೊದಲು ಸಾಯುವುವು. ಮರ ಬದುಕಲು ಹೆಣಗಿ ಕಾಂಡದ ಮೇಲೆಯೇ ಎಳೆಯ ಚಿಗುರುಗಳನ್ನು ಹೊರಡಿಸುವುದು. ರೋಗ ಆ ಚಿಗುರುಗಳನ್ನು ಹಿಡಿದು ಅವುಗಳ ಮೂಲಕವೇ ಕಾಂಡಕ್ಕೆ ಇಳಿಯುವುದು. ಎರಡು ಮೂರು ವರ್ಷಗಳಲ್ಲಿ ಮರ ಮುಗಿಯಿತು. ನಮ್ಮ ಮಾವಿಗೆ ಬರುವ ಚಿಬ್ಬು ರೋಗವಿದೆಯಲ್ಲ, ಅದೇ ಬಗೆಯ ಬೂಷ್ಟಿನ ರೋಗವಿದು. ೧೯೯೧ರಲ್ಲಿ ಆ ಬೂಷ್ಟಿಗೆ ಡಿಸ್ಕುಲಾ ಡಿಸ್ಟ್ರಕ್ಟಿವಾ, ಅಂದರೆ ನಾಶಕಾರಿ ಎಂಬ ಅರ್ಥ ಬರುವಂತೆ ಹೆಸರಿಟ್ಟರು. ಎರಡೂ ಕರಾವಳಿಗಳಲ್ಲಿ ಒಮ್ಮೆಗೇ ತೋರಿಕೊಂಡುದರಿಂದಲೂ, ಪೂರ್ವ ಏಷ್ಯಾದ ಡಾಗ್‌ವುಡ್ ಇದನ್ನು ಬಹಳ ಮಟ್ಟಿಗೆ ತಡೆದುಕೊಳ್ಳುವುದರಿಂದಲೂ, ಯಾವುದೋ ಸಸಿಯ ಜೊತೆಗೆ ಹೊರಗಿನಿಂದ ಬಂದ ರೋಗವಿದೆಂದು ತಜ್ಞರು ಬಲವಾಗಿ ಶಂಕಿಸುತ್ತಾರೆ.

ತಂಪಾದ, ತೇವದ, ನೆರಳು ದಟ್ಟವಾದ ಬೆಟ್ಟಗಾಡುಗಳಲ್ಲಿ ಹಾನಿ ವಿಪರೀತವಾಯಿತು. ಬಿಸಿಲೂ ಗಾಳಿಯೂ ಆಡುವ ಅಂಗಳದ ಮರಗಳು ಎಷ್ಟೋ ಉಳಿದುಕೊಂಡವು. ಕಾಂಡದ ಮೇಲಿನ ನೀರುಚಿಗುರುಗಳನ್ನು ಚಿವುಟಿ ತೆಗೆಯುವುದು, ಬಿದ್ದ ರೋಗದ ಎಲೆಗಳನ್ನು ಗುಡಿಸಿ ತೆಗೆಯುವುದು, ಎಲೆಯ ಮೇಲೆ ನೀರು ಚಿಮುಕಿಸದೆ ಬುಡಕ್ಕೇ ಬಿಡುವುದು, ಇವು ಅಲ್ಲಿನವರು ಕಂಡುಕೊಂಡ ಉಪಾಯಗಳು. ಸಾಲದುದಕ್ಕೆ ೧೯೯೦ರ ದಶಕದ ನಡುವೆ ಬೂದಿರೋಗವೂ ಹಬ್ಬಿತು.

ಮೇರಿಲ್ಯಾಂಡ್ ಸಂಸ್ಥಾನದ ಕಟಾಕ್ಟಿನ್ ಬೆಟ್ಟದಲ್ಲಿ ಕಾಡು ಡಾಗ್‌ವುಡ್ ಬಹುತೇಕ ನಿರ್ನಾಮವಾಗಿತ್ತು. ಸತ್ತ ಮರಗಳ ನಡುವೆ ಒಂದು ಮರ ಮಾತ್ರ ಎಲೆಯಲ್ಲಿ ಕಲೆಯಿಲ್ಲದೆ ನಿಂತಿರುವುದು ಹುಡುಕಿದವರ ಕಣ್ಣಿಗೆ ಬಿತ್ತು. ಟೆನಿಸೀ ವಿಶ್ವವಿದ್ಯಾಲಯದವರು ಅದರ ಕಣ್ಣುಗಳನ್ನು ತೆಗೆದು ಬೇರೆ ಸಸಿಗಳಿಗೆ ಕಸಿ ಕಟ್ಟಿ, ಪರೀಕ್ಷೆ ಮಾಡಿ, ರೋಗ ತಡೆಯುವ ತಳಿಯಾಗಿ ಹೊರತಂದರು. ಅಪಲೇಶಿಯನ್ ಸ್ಪ್ರಿಂಗ್ ಎಂದು ಅದರ ಹೆಸರು. ಕರಿರೋಗ ಬಡಿದ ಹೊಲದಲ್ಲಿ ಹಸಿರಾಗಿ ಉಳಿದ ಒಂದು ತೆನೆಯನ್ನು ಬೀಜಕ್ಕೆಂದು ಬೇರೆ ಕಟ್ಟಿಡುವ ನಮ್ಮ ಹಳೆಯ ಒಕ್ಕಲಿಗರ ಬುದ್ಧಿಯೇ ಇದು. ಇನ್ನೊಂದು ಕಡೆ, ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಎಲ್ವಿನ್ ಆರ್ಟನ್ ಎಂಬ ತಳಿತಜ್ಞರು ಅಮೆರಿಕದ ಡಾಗ್‌ವುಡ್ಡನ್ನೂ ಜಪಾನಿನ ಕೌಸಾ ಡಾಗ್‌ವುಡ್ಡನ್ನೂ ಕೂಡಿಸಿ ಮಿಶ್ರತಳಿಗಳನ್ನು ಪಡೆದರು. ಕೌಸಾ ಎಲೆ ಬಂದ ಮೇಲೆ, ಸುಮಾರು ಒಂದು ತಿಂಗಳು ತಡವಾಗಿ ಹೂ ತೆರೆಯುವ ಬಗೆ; ಹೂವೆಲೆ ಚೂಪು, ಹಣ್ಣು ತಿನ್ನಲು ಬರುತ್ತದೆ. ಜಪಾನಿನವರು ಅದನ್ನು ಬೆಟ್ಟದ ಸನ್ಯಾಸಿ ಎನ್ನುತ್ತಾರೆ: ನಡುವಿನ ಗಂಟು ಬೋಳುತಲೆ, ಬಿಳಿಯೆಲೆ ತಲೆವಸ್ತ್ರ. ಮಿಶ್ರತಳಿ ಎರಡರ ನಡುವಿನ ಕಾಲಕ್ಕೆ ಹೂ ಬಿಡುತ್ತದೆ, ಗಟ್ಟಿಯಾಗಿಯೂ ಇದೆ. ಆದರೆ ಹಣ್ಣು ಕಟ್ಟುವುದೇ ಅಪರೂಪ. ಮನುಷ್ಯನ ಅಂಗಳಕ್ಕೆ ಹೂ ಮರಳಿ ಬಂತು, ಹಕ್ಕಿಯ ಬಾಯಿಗೆ ಹಣ್ಣು ಬರಲಿಲ್ಲ.

ಬರುವಾಗ ಒಂದು ಕಡ್ಡಿ ತರುವ ಮಾತಿಗೆ ಈಗ ಹಿಂದಿರುಗಬಹುದು. ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿಟ್ಟ ಹಸಿ ಕಡ್ಡಿಯಲ್ಲಿ ಕಣ್ಣಿಗೆ ಕಾಣದ ಬೂಷ್ಟು ಬರಬಹುದು, ಹುಳದ ಮೊಟ್ಟೆ ಬರಬಹುದು. ೨೦೦೩ರ ಸಸ್ಯ ಸಂಪರ್ಕನಿಷೇಧದ ಆಜ್ಞೆಯ ಪ್ರಕಾರ ಪರವಾನಗಿಯೂ ರೋಗವಿಲ್ಲವೆಂಬ ಪ್ರಮಾಣಪತ್ರವೂ ಇಲ್ಲದೆ ಸಸಿ, ಕಡ್ಡಿ, ಬೀಜಗಳನ್ನು ದೇಶದೊಳಕ್ಕೆ ತರಕೂಡದು. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆಂಬ ಭಯಕ್ಕಲ್ಲ, ನಮ್ಮ ತೋಟಗಳ ಹಿತಕ್ಕಾಗಿಯೇ ಇದನ್ನು ಪಾಲಿಸಬೇಕು. ರೋಗದ ಮಾತು ಹಾಗಿರಲಿ, ಗಿಡವೇ ರೋಗವಾಗುವುದೂ ಉಂಟು. ಅಲಂಕಾರದ ಗಿಡವೆಂದು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಈ ದೇಶಕ್ಕೆ ಬಂದ ಲಂಟಾನ ತಾಳವಾಡಿಯ ಕಾಡನ್ನೂ ನೀಲಗಿರಿಯ ತಪ್ಪಲನ್ನೂ ಹೇಗೆ ನುಂಗಿದೆಯೆಂಬುದನ್ನು ದನ ಮೇಯಿಸುವವರೇ ಹೇಳಬೇಕು. ಹಳದಿ ಹೂವಿಗಾಗಿ ನೆಟ್ಟ ಸೆನ್ನಾ ಮರ ಇಂದು ವಯನಾಡಿನ ಅಭಯಾರಣ್ಯದಲ್ಲಿ ಹುಲ್ಲು ಹುಟ್ಟದಂತೆ ಮಾಡಿದೆ.

ಡಾಗ್‌ವುಡ್ಡೇ ಬೇಕೆನ್ನುವವರಿಗೆ ಅಮೆರಿಕದ ತನಕ ಹೋಗುವ ಅಗತ್ಯವೂ ಇಲ್ಲ. ನಮ್ಮ ಹಿಮಾಲಯದಲ್ಲಿಯೇ ಈ ಜಾತಿಯ ಚೆಲುವಾದ ಬಗೆಯೊಂದಿದೆ. ಉತ್ತರಾಖಂಡದ ಬೆಟ್ಟದವರು ಅದನ್ನು ಭಮೋರಾ ಎನ್ನುತ್ತಾರೆ. ಬೇಸಗೆಯಲ್ಲಿ ಕೆನೆಹಳದಿಯ ನಾಲ್ಕು ಹೂವೆಲೆ, ಆಮೇಲೆ ಸ್ಟ್ರಾಬೆರಿಯಂತೆ ಕಾಣುವ ಕೆಂಪು ಹಣ್ಣು; ಅಲ್ಲಿನ ಮಕ್ಕಳೂ ಕೋತಿಗಳೂ ಅದಕ್ಕೆ ಪೈಪೋಟಿ. ಅದು ಎಲೆಯುದುರಿಸದೆ ಹಸಿರಾಗಿರುವ ಬಗೆಯಾದ್ದರಿಂದ ಅಮೆರಿಕದ್ದರಷ್ಟು ಘೋರ ಚಳಿಯನ್ನು ಬೇಡುವುದಿಲ್ಲ. ಏಳು ಸಾವಿರ ಅಡಿಗೂ ಮಿಕ್ಕಿದ ಉದಕಮಂಡಲದ ಸುತ್ತಿನ ತೋಟಗಾರರು ನಂಬಿಕಸ್ಥ ಸಸ್ಯಾಗಾರದಿಂದ ಒಂದೆರಡು ಸಸಿ ತರಿಸಿ ನೋಡಬಹುದೆಂಬುದು ನಮ್ಮ ಅಭಿಪ್ರಾಯ. ಕೆಳಗಿನ ಸೀಮೆಗಳಿಗೆ ಅದೂ ಸಲ್ಲದು.

ಕೆಳಗಿನ ಸೀಮೆಗಳಿಗೆ ಏನು ಗತಿ ಎಂದು ವಾಚಕರು ಬೇಸರಪಡಬೇಕಾಗಿಲ್ಲ. ಡಾಗ್‌ವುಡ್ಡಿನ ದಾಯಾದಿಯೊಂದು ನಮ್ಮ ಬದುಗಳ ಮೇಲೆ ಅನಾಥವಾಗಿ ನಿಂತಿದೆ. ಅದೇ ಅಂಕೋಲೆ. ಹಿಂದೆ ಸಸ್ಯಶಾಸ್ತ್ರಜ್ಞರು ಅಂಕೋಲೆಯನ್ನು ಬೇರೆಯೇ ಒಂದು ಕುಟುಂಬವಾಗಿ ಎಣಿಸುತ್ತಿದ್ದರು. ವಂಶವಾಹಿಗಳನ್ನು ಹೋಲಿಸಿ ನೋಡುವ ವಿದ್ಯೆ ಬಂದ ಮೇಲೆ ಅದನ್ನು ಡಾಗ್‌ವುಡ್ಡಿನ ಕುಟುಂಬಕ್ಕೇ ಸೇರಿಸಿದ್ದಾರೆ. ಈ ಕುಟುಂಬದಲ್ಲಿ ಈಗ ಉಳಿದಿರುವುದು ಇವೆರಡೇ ಕವಲು: ಹಿಮದ ನಾಡಿನದೊಂದು, ಬಿಸಿಲ ನಾಡಿನದೊಂದು.

ನಮ್ಮ ಗಡಿಸೀಮೆಯಲ್ಲಿ ಅಂಕೋಲೆಗೆ ಹೆಸರುಗಳಿಗೇನೂ ಕೊರತೆಯಿಲ್ಲ. ಹೊಸೂರು, ತಾಳವಾಡಿಗಳ ಸಂತೆಯಲ್ಲಿ ತಮಿಳರು ಅಳಿಂಜಿಲ್ ಎಂದಾರು. ಮಡಕಶಿರಾ ಕಡೆಯ ತೆಲುಗರು ಊಡುಗ ಎಂದಾರು. ಮರಾಠಿ, ಮಲಯಾಳಗಳಲ್ಲಿ ಅಂಕೋಲ್, ಅಂಕೋಲಂ ಎಂದು ನಮ್ಮ ಹೆಸರೇ ನಡೆಯುತ್ತದೆ. ಉತ್ತರ ಕನ್ನಡದ ಅಂಕೋಲಾ ಊರಿಗೆ ಈ ಗಿಡದಿಂದಲೇ ಹೆಸರು ಬಂತೆಂದು ಹೇಳುತ್ತಾರೆ. ಹಣ್ಣಿನಿಂದ ಉದುರಿದ ಅಂಕೋಲೆಯ ಬೀಜ ಮರಳಿ ತಾಯಿಮರಕ್ಕೇ ಬಂದು ಅಂಟಿಕೊಳ್ಳುತ್ತದೆಂಬ ನಂಬಿಕೆ ಬಹಳ ಹಳೆಯದು. ಶಿವಾನಂದಲಹರಿಯಲ್ಲಿ ಭಕ್ತಿಗೆ ಕೊಟ್ಟ ಹೋಲಿಕೆಗಳಲ್ಲಿ ಅದೂ ಒಂದು. ಹಣ್ಣಿನ ತಿರುಳು ಅಂಟಂಟಾಗಿರುವುದನ್ನು ಕಂಡವರಿಗೆ ಆ ನಂಬಿಕೆಯ ಮೂಲ ಎಲ್ಲಿಯದೆಂದು ಊಹಿಸುವುದು ಕಷ್ಟವಲ್ಲ.

ಶಿವರಾತ್ರಿಯ ಆಚೀಚೆ, ಬೇರೆ ಗಿಡಗಳು ಬಿಸಿಲಿಗೆ ಬೆದರಿ ನಿಂತಿರುವಾಗ, ಎಲೆಯುದುರಿದ ಅಂಕೋಲೆ ಮೈತುಂಬ ಹೂ ತಳೆಯುತ್ತದೆ. ಕೆನೆಬಿಳುಪಿನ ನೀಳವಾದ ಎಸಳುಗಳು ಹಿಂದಕ್ಕೆ ಸುರುಳಿಯಾಗಿ ಮಡಚಿಕೊಂಡು, ನಡುವೆ ಕೇಸರಗಳ ಕುಚ್ಚು ಎದ್ದು ನಿಲ್ಲುತ್ತದೆ. ಅಮೆರಿಕದ ನೆಂಟನಂತೆ ಇಲ್ಲಿ ಎಲೆಯ ಸೋಗಿಲ್ಲ, ಎಸಳು ನಿಜವಾದ ಎಸಳೇ. ಪರಿಮಳ ಬೇರೆ! ಬೆಳಗಿನ ಹೊತ್ತು ಗಿಡದಡಿಯಲ್ಲಿ ನಿಂತರೆ ಜೇನಿನ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಕಡುಗೆಂಪಿನಿಂದ ಕಪ್ಪಿಗೆ ತಿರುಗುವ ಹಣ್ಣು. ತುಸ ಒಗರಿದ್ದರೂ ಸಿಹಿ. ದನಗಾಹಿ ಹುಡುಗರಿಗೂ ಹಕ್ಕಿಗಳಿಗೂ ಅದು ಗೊತ್ತು. ಮರ ಗಟ್ಟಿ, ಒನಕೆಗೂ ಉಪಕರಣಗಳ ಹಿಡಿಗೂ ಬಳಸುತ್ತಿದ್ದರು. ಗಟ್ಟಿತನದಲ್ಲಿ ಎರಡೂ ಒಂದೇ ಮನೆತನದವೆಂದು ಒಪ್ಪಬೇಕು.

ನಾಯಿಯ ನಂಟು ಕೂಡ ಇಬ್ಬರಿಗೂ ಇದೆ. ಹುಚ್ಚುನಾಯಿ ಕಡಿದರೆ ಅಂಕೋಲೆಯ ಬೇರಿನ ತೊಗಟೆ ಮದ್ದೆಂದು ಹಳ್ಳಿಗಳಲ್ಲಿ ನಂಬಿದವರಿದ್ದಾರೆ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಈ ನಂಬಿಕೆಯ ಮೇಲೆ ಯಾರೂ ಪ್ರಾಣವನ್ನು ಪಣವಿಡಕೂಡದು. ಹುಚ್ಚುನಾಯಿ ರೋಗ ಒಮ್ಮೆ ತಲೆದೋರಿದರೆ ಬದುಕುವವರಿಲ್ಲವೆಂದೇ ತಿಳಿಯಬೇಕು. ಕಡಿತದ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿಮದ್ದು ಹಾಕಿಸಿಕೊಳ್ಳತಕ್ಕದ್ದು. ಅಂಕೋಲೆಯ ಬೇರು ವಾಂತಿಭೇದಿ ತರಿಸುವಂಥದು. ಅದನ್ನು ಮನೆಯಲ್ಲಿ ಅರೆದು ಕುಡಿಸುವ ಸಾಹಸ ಬೇಡ.

ಬದು ಸವರುವಾಗ ಅಂಕೋಲೆಗೆ ಮೊದಲು ಕೊಡಲಿ ಬೀಳುತ್ತದೆ, ಮುಳ್ಳಿನ ಗಿಡವೆಂದು. ಯಂತ್ರ ತಂದು ಬದುವನ್ನೇ ಅಗೆದು ಹೊಲಕ್ಕೆ ಸೇರಿಸಿಕೊಳ್ಳುವವರಂತೂ ಬುಡಸಮೇತ ಕೀಳುತ್ತಾರೆ. ಕಡಿದರೆ ಚಿಗುರುತ್ತದೆ, ಕಿತ್ತರೆ ಚಿಗುರದು. ಇಂಥ ಗಿಡವನ್ನು ಹೂದೋಟಕ್ಕೆ ತರುವವರು ಇಲ್ಲವೆಂಬಷ್ಟು ಕಡಿಮೆ. ತರಲು ಖರ್ಚೇನೂ ಇಲ್ಲ. ಚೆನ್ನಾಗಿ ಮಾಗಿ ಉದುರಿದ ಹಣ್ಣನ್ನು ಆರಿಸಿ, ತಿರುಳನ್ನು ಬೂದಿಯಲ್ಲಿ ಉಜ್ಜಿ ತೊಳೆದು, ಬೀಜವನ್ನು ನೆರಳಿನಲ್ಲಿ ಒಂದೆರಡು ದಿನ ಆರಿಸಿ ಕೂಡಲೇ ಮಡಿಯಲ್ಲಿ ಬಿತ್ತಬೇಕು. ಎಲ್ಲ ಬೀಜವೂ ಒಟ್ಟಿಗೆ ಮೊಳೆಯುವುದಿಲ್ಲ, ಆದ್ದರಿಂದ ಹೆಚ್ಚಾಗಿ ಬಿತ್ತಿ ತಾಳ್ಮೆಯಿಂದಿರಬೇಕು. ಗೇಣುದ್ದದ ಸಸಿಯನ್ನು ಮುಂದಿನ ಮುಂಗಾರಿನಲ್ಲಿ ಎತ್ತಿ ನೆಡಬಹುದು. ಕಲ್ಲುನೆಲವಾದರೂ ಆದೀತು, ನೀರು ನಿಲ್ಲುವ ಜೌಗು ಮಾತ್ರ ಬೇಡ. ಮೊದಲ ಎರಡು ಬೇಸಗೆ ವಾರಕ್ಕೊಂದು ಕೊಡ ನೀರು ಹಾಕಿದರೆ ಸಾಕು. ಮಕ್ಕಳು ಓಡಾಡುವ ದಾರಿಯಿಂದ ನಾಲ್ಕು ಮಾರು ದೂರದಲ್ಲಿ, ಬಾವಿಕಟ್ಟೆಯ ಆಚೆಗೋ ಬೇಲಿಯ ಮೂಲೆಗೋ ನೆಟ್ಟರೆ ಮುಳ್ಳಿನ ಕಾಟವೂ ತಪ್ಪುತ್ತದೆ, ಮಾಘ ಫಾಲ್ಗುಣದ ಮುಂಜಾನೆ ಪರಿಮಳವೂ ಜಗುಲಿಗೆ ಬರುತ್ತದೆ. ಸವರುವುದಿದ್ದರೆ ಹೂವೂ ಹಣ್ಣೂ ಮುಗಿದ ಮೇಲೆ, ಮಳೆಗಾಲದಲ್ಲಿ ಸವರಿ.